ಮೆಟ್ಟಿಲ ಮೇಲಿನ ಬೆಳಕು, ಬೇಸ್‌ಮೆಂಟಿನ ಬ್ಯಾಟರಿ



ನಮ್ಮಲ್ಲಿ ಕರೆಂಟು ಹೋಗುವುದು ಸುದ್ದಿಯೇ ಅಲ್ಲ. ಮನೆಯಲ್ಲಿ ದೀಪ ಆರಿದರೆ ಯಾರೂ ಗಾಬರಿ ಬೀಳುವುದಿಲ್ಲ. ಮೂಲೆಯಲ್ಲಿರುವ ಇನ್ವರ್ಟರು ಗುಂಯ್‌ ಎನ್ನುತ್ತದೆ, ಫ್ಯಾನು ತಿರುಗುತ್ತಲೇ ಇರುತ್ತದೆ, ಧಾರಾವಾಹಿಯ ಅತ್ತೆ ಬೈಗುಳವನ್ನು ಪೂರ್ತಿ ಮಾಡುತ್ತಾಳೆ. ಈ ಅಭ್ಯಾಸದಿಂದಲೇ ಇರಬೇಕು, ದೊಡ್ಡ ಕಟ್ಟಡಗಳಲ್ಲಿ ತುರ್ತು ದೀಪದ ಮಾತೆತ್ತಿದಾಗಲೆಲ್ಲ ನನಗೆ ಸಿಗುವ ಉತ್ತರ ಒಂದೇ: "ಜನರೇಟರ್ ಇದೆಯಲ್ಲ ಸಾರ್, ಇನ್ನೇನು ಬೇಕು?"

ಜನರೇಟರು ಇರುವುದು ಕೆಲಸ ನಿಲ್ಲದಿರಲಿ ಎಂದು. ತುರ್ತು ದೀಪ ಇರುವುದು ಕೆಲಸವನ್ನು ಅಲ್ಲಿಗೇ ಬಿಟ್ಟು ಜನ ಹೊರಗೆ ನಡೆಯಲಿ ಎಂದು. ಎರಡೂ ಬೇರೆ ಬೇರೆ. ಕಟ್ಟಡಕ್ಕೆ ಬೆಂಕಿ ಬಿತ್ತು ಎಂದುಕೊಳ್ಳಿ. ಅಗ್ನಿಶಾಮಕ ದಳದವರು ಬಂದು ಮಾಡುವ ಮೊದಲ ಕೆಲಸಗಳಲ್ಲಿ ಒಂದು, ಮೇನ್ ಸ್ವಿಚ್ಚು ಆರಿಸುವುದು. ನೀರಿನ ಪೈಪು ಹಿಡಿದು ಒಳನುಗ್ಗುವವರ ಸುತ್ತ ಕರೆಂಟು ಹರಿಯುವ ತಂತಿ ಇರಬಾರದು. ಅಂದರೆ ಬೆಳಕು ಯಾವಾಗ ತೀರಾ ಬೇಕೋ ಆಗಲೇ ನಾವು ಅದನ್ನು ಕೈಯಾರೆ ಆರಿಸುತ್ತೇವೆ. ಆರಿಸುವುದು ತಪ್ಪೂ ಅಲ್ಲ. ಹಾಗಾಗಿ ಹೊರದಾರಿ ತೋರಿಸುವ ದೀಪಕ್ಕೆ ಆ ಸ್ವಿಚ್ಚಿನ ಹಂಗಿರಬಾರದು. ಇವತ್ತು ನಾನು ಹೇಳಹೊರಟಿರುವ ಸೆಂಟ್ರಲ್ ಬ್ಯಾಟರಿ ವ್ಯವಸ್ಥೆಯ ಹಿಂದಿರುವುದು ಇಷ್ಟೇ ಯೋಚನೆ.

ಈ ಯೋಚನೆಗೆ ಜನ ದುಬಾರಿ ಬೆಲೆ ತೆತ್ತಿದ್ದಾರೆ. 1881ರ ಡಿಸೆಂಬರ್ 8ರ ಸಂಜೆ ವಿಯೆನ್ನಾ ನಗರದ ರಿಂಗ್ ಥಿಯೇಟರಿನಲ್ಲಿ ಆಫೆನ್‌ಬಾಖ್‌ನ ಗೀತನಾಟಕವೊಂದು ಶುರುವಾಗಬೇಕಿತ್ತು. ಅದು ಗ್ಯಾಸ್ ದೀಪಗಳ ಕಾಲ. ರಂಗದ ಮೇಲಿನ ದೀಪ ಹಚ್ಚುವಾಗ ಸೋರಿದ ಗ್ಯಾಸಿಗೆ ಕಿಡಿ ತಗುಲಿ ಪರದೆಗಳಿಗೆ ಬೆಂಕಿ ಹಿಡಿಯಿತು. ಸ್ಫೋಟವಾದೀತೆಂದು ಗ್ಯಾಸಿನ ಕೊಳವೆಯನ್ನೇ ಮುಚ್ಚಿಬಿಟ್ಟರು. ಇಡೀ ಸಭಾಂಗಣ ಕತ್ತಲಾಯಿತು. ಗ್ಯಾಸು ನಿಂತರೂ ದಾರಿ ಕಾಣಲೆಂದು ಹಾದಿಗಳಲ್ಲಿ ಎಣ್ಣೆ ದೀಪಗಳನ್ನು ಇಟ್ಟಿದ್ದರು; ಆದರೆ ಆ ಸಂಜೆ ಅವನ್ನು ಯಾರೂ ಹಚ್ಚಿರಲಿಲ್ಲ. ಬಾಗಿಲುಗಳೋ ಒಳಕ್ಕೆ ತೆರೆಯುವಂಥವು. ಅಧಿಕೃತ ಲೆಕ್ಕದಂತೆ ಸತ್ತವರು 384 ಜನ.

ಇದಾಗಿ ಮೂರು ವಾರ ಕೂಡ ಕಳೆದಿರಲಿಲ್ಲ. ಡಿಸೆಂಬರ್ 28ರಂದು ಲಂಡನ್ನಿನ ಸವಾಯ್ ಥಿಯೇಟರಿನಲ್ಲಿ ಅದರ ಒಡೆಯ ರಿಚರ್ಡ್ ಡಾಯ್ಲಿ ಕಾರ್ಟ್ ಉರಿಯುತ್ತಿದ್ದ ವಿದ್ಯುತ್ ಬಲ್ಬೊಂದಕ್ಕೆ ತೆಳುವಾದ ಮಸ್ಲಿನ್ ಬಟ್ಟೆ ಸುತ್ತಿ ಪ್ರೇಕ್ಷಕರೆದುರೇ ಒಡೆದು ತೋರಿಸಿದ. ಬಟ್ಟೆ ಕರಿಯಾಗಲಿಲ್ಲ, ಜನ ಚಪ್ಪಾಳೆ ತಟ್ಟಿದರು. ನನಗೆ ಸ್ವಾರಸ್ಯ ಎನಿಸುವುದು ಬೇರೆ ಸಂಗತಿ. ಅದೇ ಥಿಯೇಟರಿನಲ್ಲಿ ಕರೆಂಟು ಕೈಕೊಟ್ಟರೆ ಇರಲಿ ಎಂದು ಗ್ಯಾಸ್ ದೀಪಗಳನ್ನೂ ಉಳಿಸಿಕೊಂಡಿದ್ದರು! ಹೊಸದನ್ನು ಪೂರ್ತಿ ನಂಬದವನೇ ಜಾಣ ಎಂಜಿನಿಯರ್.

ವಿಯೆನ್ನಾದ ಕಥೆ ಹಳೆಯದಾಯಿತು ಎನ್ನುವವರು ದೆಹಲಿಯನ್ನು ನೆನೆಯಲಿ. 1997ರ ಜೂನ್ 13ರಂದು ಉಪಹಾರ್ ಚಿತ್ರಮಂದಿರದಲ್ಲಿ ಟ್ರಾನ್ಸ್‌ಫಾರ್ಮರಿನಿಂದ ಬೆಂಕಿ ಎದ್ದಿತು, ಹೊಗೆ ಬಾಲ್ಕನಿಗೆ ಏರಿತು, ಕರೆಂಟು ಹೋಯಿತು. ತುರ್ತು ದೀಪಗಳಿಲ್ಲದ ಕತ್ತಲಲ್ಲಿ ಬಾಗಿಲು ಹುಡುಕುತ್ತ 59 ಜನ ಉಸಿರು ಕಟ್ಟಿ ಸತ್ತರು. ನಡುವೆ ನೂರಹದಿನಾರು ವರ್ಷ ಕಳೆದಿದ್ದವು.

ಇನ್ನು ಯಂತ್ರದ ವಿಷಯಕ್ಕೆ ಬರೋಣ. ತುರ್ತು ದೀಪ ಮಾಡುವುದಕ್ಕೆ ಎರಡು ದಾರಿಗಳಿವೆ. ಒಂದು, ಪ್ರತಿ ದೀಪದ ಹೊಟ್ಟೆಯೊಳಗೇ ಒಂದೊಂದು ಚಿಕ್ಕ ಬ್ಯಾಟರಿ. ಬ್ರಿಟನ್ನಿನವರಿಗೆ ಇದು ಪ್ರಿಯ, ನಮ್ಮ ಸಣ್ಣ ಕಟ್ಟಡಗಳಲ್ಲೂ ಹೆಚ್ಚಾಗಿ ಕಾಣುವುದು ಇದೇ. ಇನ್ನೊಂದು, ಎಲ್ಲ ದೀಪಗಳಿಗೂ ಸೇರಿ ಒಂದೇ ದೊಡ್ಡ ಬ್ಯಾಟರಿಯನ್ನು ಒಂದು ಕೋಣೆಯಲ್ಲಿಟ್ಟು ಅಲ್ಲಿಂದ ತಂತಿ ಎಳೆಯುವುದು. ಜರ್ಮನಿ, ಆಸ್ಟ್ರಿಯಾಗಳಲ್ಲಿ ಈ ಎರಡನೆಯದು ಬಹುಕಾಲದಿಂದ ಬೇರೂರಿದೆ. ಅಲ್ಲಿಯ ಪದ್ಧತಿಯನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

ಬ್ಯಾಟರಿ ಕೋಣೆಗೆ ಹೋದರೆ ಗೋಡೆಗೆ ಆನಿಸಿದ ಒಂದು ಕಪಾಟು ಕಾಣುತ್ತದೆ. ಅದರ ಕೆಳಗಿನ ಭಾಗದಲ್ಲೋ ಪಕ್ಕದ ಸ್ಟ್ಯಾಂಡಿನಲ್ಲೋ ಹನ್ನೆರಡು ವೋಲ್ಟಿನ ಹದಿನೆಂಟು ಬ್ಯಾಟರಿಗಳು ಸಾಲಾಗಿ ಕೂತಿರುತ್ತವೆ. ಒಂದರ ಪ್ಲಸ್ಸನ್ನು ಇನ್ನೊಂದರ ಮೈನಸ್ಸಿಗೆ ಸೇರಿಸುತ್ತ ಹೋದರೆ ಹದಿನೆಂಟು ಹನ್ನೆರಡಲಿ 216 ವೋಲ್ಟು. ಎರಡು ವೋಲ್ಟಿನ ಸೆಲ್ಲುಗಳ ಲೆಕ್ಕದಲ್ಲಿ ಹೇಳುವುದಾದರೆ 108 ಸೆಲ್ಲು. ಅಷ್ಟೋತ್ತರ ಎಂದು ಯಾರೂ ಕೈ ಮುಗಿಯುವುದು ಬೇಡ, ಅದು ಬರೀ ಗಣಿತ. ಕರೆಂಟು ಇರುವಷ್ಟು ಹೊತ್ತೂ ಚಾರ್ಜರು ಪ್ರತಿ ಸೆಲ್ಲಿಗೂ ಸುಮಾರು 2.27 ವೋಲ್ಟು ಕೊಡುತ್ತ ಬ್ಯಾಟರಿಯನ್ನು ತುಂಬಿದಂತೆಯೇ ಇಟ್ಟಿರುತ್ತದೆ. ತಂತ್ರಜ್ಞರು ಇದನ್ನು ಫ್ಲೋಟ್ ಚಾರ್ಜ್ ಎನ್ನುತ್ತಾರೆ.

216 ವೋಲ್ಟೇ ಏಕೆ? ನಮ್ಮ ಲೈನಿನ 230 ವೋಲ್ಟಿಗೆ ಅದು ಹತ್ತಿರವಿರುವುದರಿಂದ. ಒಂದೇ ದೀಪ, ಒಂದೇ ಜೋಡಿ ತಂತಿ. ಮಾಮೂಲಿ ದಿನಗಳಲ್ಲಿ ಆ ತಂತಿಯಲ್ಲಿ ಎಸಿ ಬರುತ್ತದೆ. ಕರೆಂಟು ಹೋದಾಗ ಅದೇ ತಂತಿಯಲ್ಲಿ ಬ್ಯಾಟರಿಯ ಡಿಸಿ ಬರುತ್ತದೆ. ದೀಪದೊಳಗಿನ ಡ್ರೈವರು ಎರಡನ್ನೂ ಒಪ್ಪಿಕೊಳ್ಳುವಂತೆ ಮಾಡಿರುತ್ತಾರೆ. ಬ್ರಿಟನ್ನಿನ ಹಳೆಯ ಕಟ್ಟಡಗಳಲ್ಲಿ 24, 50, 110 ವೋಲ್ಟಿನ ಡಿಸಿ ವ್ಯವಸ್ಥೆಗಳೂ ಇವೆ. ವೋಲ್ಟು ಕಡಿಮೆಯಾದಷ್ಟೂ ಅದೇ ಬೆಳಕಿಗೆ ಹೆಚ್ಚು ಕರೆಂಟು ಹರಿಯಬೇಕು, ತಂತಿ ದಪ್ಪವಾಗಬೇಕು, ಉದ್ದದ ಕಾರಿಡಾರಿನ ಕೊನೆಯ ದೀಪಕ್ಕೆ ತಲುಪುವಷ್ಟರಲ್ಲಿ ವೋಲ್ಟು ಇನ್ನಷ್ಟು ಸೋರಿಹೋಗಿರುತ್ತದೆ. ದೊಡ್ಡ ಕಟ್ಟಡಕ್ಕೆ 216 ಸರಿ ಎನ್ನುವುದು ಇದಕ್ಕೇ.

ಇಲ್ಲೊಂದು ಸಣ್ಣ ಗುಂಡಿಯಿದೆ, ಜನ ಬೀಳುವುದು ಅದರಲ್ಲೇ. ದೀಪ ಕೆಟ್ಟಿತು ಎಂದು ಮೇಂಟೆನೆನ್ಸ್ ಹುಡುಗ ಪೇಟೆಯಿಂದ ಅಗ್ಗದ ಎಲ್‌ಇಡಿ ಬಲ್ಬು ತಂದು ಹಾಕುತ್ತಾನೆ. ಚೆನ್ನಾಗಿ ಉರಿಯುತ್ತದೆ, ಎಲ್ಲರಿಗೂ ಸಮಾಧಾನ. ಇಂಥ ಬಲ್ಬುಗಳಲ್ಲಿ ಬಹಳಷ್ಟು ಒಳಗೊಂದು ಕೆಪಾಸಿಟರನ್ನಿಟ್ಟು ವೋಲ್ಟು ಇಳಿಸಿಕೊಳ್ಳುತ್ತವೆ. ಕೆಪಾಸಿಟರು ಎಸಿಯನ್ನು ಹಾಯಲು ಬಿಡುತ್ತದೆ, ಡಿಸಿಯನ್ನು ತಡೆಯುತ್ತದೆ. ವರ್ಷವಿಡೀ ಬೆಳಗಿದ ಆ ಬಲ್ಬು ಬ್ಯಾಟರಿಯ ಡಿಸಿ ಬಂದ ಗಳಿಗೆಯಲ್ಲಿ ಮಾತ್ರ ಕಣ್ಣು ಮುಚ್ಚುತ್ತದೆ. ಹುಡುಗನದು ತಪ್ಪೆನ್ನಲಾರೆ. ಎಸಿಯೂ ಡಿಸಿಯೂ ಬರುವ ತಂತಿ ಇದು ಎಂದು ಅವನಿಗೆ ಹೇಳಿದವರಾದರೂ ಯಾರು?

ಕರೆಂಟು ಹೋಯಿತು ಎಂದು ಯಂತ್ರಕ್ಕೆ ತಿಳಿಯುವುದು ಹೇಗೆ? ಈ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದ ಭಾಗ ಇದು. ಕಟ್ಟಡಕ್ಕೆ ಬರುವ ಲೈನೇ ನಿಂತರೆ ಬ್ಯಾಟರಿ ಕೋಣೆಯ ಕಪಾಟಿನಲ್ಲಿರುವ ಪ್ಯಾನಲ್ಲಿಗೆ ತಾನಾಗಿಯೇ ಗೊತ್ತಾಗುತ್ತದೆ. ಅದರೊಳಗೆ ಕಾಂಟ್ಯಾಕ್ಟರ್ ಎಂಬ ಸ್ವಿಚ್ಚಿದೆ. ಲೈನಿನ ಕರೆಂಟೇ ಅದರ ಸುರುಳಿಯಲ್ಲಿ ಹರಿದು ಅಯಸ್ಕಾಂತವಾಗಿ, ಸ್ಪ್ರಿಂಗಿನ ಎದುರು ಅದನ್ನು ಎಳೆದು ಹಿಡಿದಿರುತ್ತದೆ. ಕರೆಂಟು ನಿಂತರೆ ಹಿಡಿತ ಬಿಡುತ್ತದೆ, ಸ್ಪ್ರಿಂಗು ಸ್ವಿಚ್ಚನ್ನು ಬ್ಯಾಟರಿಯ ಕಡೆಗೆ ತಳ್ಳುತ್ತದೆ. ಯಾರೂ ಆಜ್ಞೆ ಕೊಡಬೇಕಿಲ್ಲ.

ಆದರೆ ಇಡೀ ಕಟ್ಟಡದ ಕರೆಂಟು ಹೋಗದೆ, ಮೂರನೆಯ ಮಹಡಿಯ ಒಂದು ಕಾರಿಡಾರಿನ ಎಂಸಿಬಿ ಮಾತ್ರ ಟ್ರಿಪ್ ಆದರೆ? ಕೆಳಗಿನ ಪ್ಯಾನಲ್ಲಿಗೆ ಮೇನ್ ಲೈನು ಬರುತ್ತಲೇ ಇದೆ, ಅದರ ಮಟ್ಟಿಗೆ ಲೋಕವೆಲ್ಲ ಸುಖವಾಗಿದೆ. ಮೂರನೆಯ ಮಹಡಿಯವರಿಗೆ ಮಾತ್ರ ಗಾಢ ಕತ್ತಲೆ. ಬೆಂಕಿ ಸಾಮಾನ್ಯವಾಗಿ ಹೀಗೇ ಹುಟ್ಟುತ್ತದೆ: ಒಂದು ಮೂಲೆಯಲ್ಲಿ, ಒಂದು ತಂತಿಯಲ್ಲಿ. ಅದಕ್ಕಾಗಿ ಪ್ರತಿ ಮಹಡಿಯ ದೀಪಗಳಿಗೆ ಕರೆಂಟು ಹಂಚುವ ಲೈಟಿಂಗ್ ಡಿಬಿ ಎಂಬ ಬೋರ್ಡಿನಲ್ಲೂ ಫೇಸ್ ಮಾನಿಟರ್ ಎಂಬ ಚಿಕ್ಕ ಪೆಟ್ಟಿಗೆಯನ್ನು ಕೂರಿಸುತ್ತಾರೆ. ಅದು ಅಲ್ಲಿಯ ಮೂರು ಫೇಸುಗಳನ್ನೂ ಗಮನಿಸುತ್ತಿರುತ್ತದೆ. ಈ ಪೆಟ್ಟಿಗೆಗಳನ್ನೆಲ್ಲ ಪೋಣಿಸಿದ ಒಂದು ತೆಳು ತಂತಿಯ ಸುತ್ತು ಬ್ಯಾಟರಿ ಕೋಣೆಗೆ ಹೋಗಿ ಬರುತ್ತದೆ. ಎಲ್ಲ ಸರಿಯಿದ್ದರೆ ಸುತ್ತಿನಲ್ಲಿ ಸಣ್ಣದೊಂದು ಕರೆಂಟು ಹರಿಯುತ್ತಿರುತ್ತದೆ. ಎಲ್ಲೋ ಒಂದು ಕಡೆ ಫೇಸು ಸತ್ತರೆ ಆ ಪೆಟ್ಟಿಗೆ ಸುತ್ತನ್ನು ಕತ್ತರಿಸುತ್ತದೆ. ದೀಪ ಹಚ್ಚು ಎಂಬ ಸಂದೇಶ ಎಲ್ಲಿಂದಲೂ ಬರುವುದಿಲ್ಲ, ಬರುತ್ತಿದ್ದ ಸಂದೇಶ ನಿಲ್ಲುತ್ತದೆ ಅಷ್ಟೆ. ರಾತ್ರಿ ಗಸ್ತಿನ ಗೂರ್ಖಾ ಕೋಲು ಕುಟ್ಟುವ ಸದ್ದು ಕೇಳುತ್ತಿರುವವರೆಗೂ ಬೀದಿ ನಿದ್ದೆ ಮಾಡುತ್ತದೆ, ಸದ್ದು ನಿಂತರೆ ಎಚ್ಚರವಾಗುತ್ತದೆ. ಹಾಗೆಯೇ ಇದು. ಇದರ ಲಾಭ ನೋಡಿ: ಆ ತಂತಿಯನ್ನೇ ಇಲಿ ಕಡಿದರೂ, ಬೆಂಕಿ ಸುಟ್ಟರೂ, ಪೆಟ್ಟಿಗೆಯೇ ಕೆಟ್ಟರೂ ಸುತ್ತು ತುಂಡಾಗುತ್ತದೆ, ದೀಪ ಹತ್ತುತ್ತದೆ. ಕೆಡುವುದಾದರೂ ಬೆಳಕಿನ ಕಡೆಗೇ ಕೆಡಬೇಕು ಎಂದು ಯೋಚಿಸಿದವನಿಗೆ ನನ್ನದೊಂದು ಸಲಾಮು.

ಎಲ್ಲ ದೀಪಗಳೂ ಸದಾ ಉರಿಯಬೇಕಿಲ್ಲ. ಕೆಲವು ಕರೆಂಟು ಹೋದಾಗ ಮಾತ್ರ ಹತ್ತುತ್ತವೆ. ಹೊರದಾರಿ ತೋರಿಸುವ ಹಸಿರು ಫಲಕಗಳು, ಬಾಗಿಲತ್ತ ಓಡುವ ಮನುಷ್ಯನ ಚಿತ್ರದವು, ಜನ ಸೇರುವ ಕಡೆಗಳಲ್ಲಿ ಯಾವಾಗಲೂ ಬೆಳಗುತ್ತಿರಬೇಕು. ಆ ಓಡುವ ಮನುಷ್ಯ ಜಪಾನಿನ ಯುಕಿಯೊ ಓಟಾ ಎಂಬ ವಿನ್ಯಾಸಕಾರರ ಕೈಯಿಂದ ಬಂದವನು, ಈಗ ಲೋಕವೆಲ್ಲ ಓಡಾಡಿಕೊಂಡಿದ್ದಾನೆ. ಒಳಗಿನಿಂದ ಬೆಳಗುವ ಫಲಕ ತನ್ನ ಎತ್ತರದ ಇನ್ನೂರರಷ್ಟು ದೂರಕ್ಕೆ ಓದಲು ಬರುತ್ತದೆ ಎಂಬುದು ಯುರೋಪಿನ ಲೆಕ್ಕ. 15 ಸೆಂಟಿಮೀಟರ್ ಎತ್ತರದ್ದಾದರೆ 30 ಮೀಟರ್.

ಬೆಳಕು ಎಷ್ಟಿರಬೇಕು? ಯುರೋಪಿನ ಮಾನದಂಡದಲ್ಲಿ ಹೊರದಾರಿಯ ನಡುಗೆರೆಯುದ್ದಕ್ಕೂ ನೆಲದ ಮೇಲೆ ಕನಿಷ್ಠ ಒಂದು ಲಕ್ಸ್; ಬೀಳುವ ಬೆಳಕನ್ನು ಅಳೆಯುವ ಮಾನ ಅದು. ಹುಣ್ಣಿಮೆಯ ಬೆಳದಿಂಗಳು ಹೆಚ್ಚೆಂದರೆ ಕಾಲು ಲಕ್ಸಿನ ಆಸುಪಾಸು. ನಮ್ಮ ನ್ಯಾಷನಲ್ ಬಿಲ್ಡಿಂಗ್ ಕೋಡ್ ಇನ್ನೂ ಧಾರಾಳಿ: ಹತ್ತು ಲಕ್ಸ್ ಬೇಕು, ಎಷ್ಟೇ ಚಿಕ್ಕ ಕಟ್ಟಡವಾದರೂ ಒಂದೂವರೆ ಗಂಟೆ ಉರಿಯಬೇಕು ಎನ್ನುತ್ತದೆ. ಜರ್ಮನಿಯಲ್ಲಿ ಸಭಾಭವನಗಳಿಗೆ ಮೂರು ಗಂಟೆ, ಹೋಟೆಲುಗಳಿಗೆ ಎಂಟು ಗಂಟೆ. ಹೋಟೆಲಿನಲ್ಲಿ ಜನ ಮಲಗಿರುತ್ತಾರೆ, ಅದೂ ಗುರುತಿಲ್ಲದ ಕೋಣೆಯಲ್ಲಿ. ಕತ್ತಲೆ ಒಂದು ಇಡೀ ರಾತ್ರಿಯದ್ದಾಗಬಹುದು. ಕಾಗದದ ಮೇಲೆ ನಮ್ಮ ನಿಯಮ ಯಾರಿಗೂ ಕಡಿಮೆಯಿಲ್ಲ. ಕಾಗದದಿಂದ ಕಟ್ಟಡಕ್ಕೆ ಇಳಿಯುವಾಗ ಏನಾಗುತ್ತದೆ ಎಂಬುದು ನಿಮಗೂ ಗೊತ್ತು.

ಬ್ಯಾಟರಿಯ ಗಾತ್ರದ ಲೆಕ್ಕ ಹೈಸ್ಕೂಲಿನ ಮಕ್ಕಳಿಗೂ ಬರುವಂಥದ್ದು. ನಾಲ್ಕು ವ್ಯಾಟಿನ 150 ದೀಪಗಳಿವೆ ಎಂದುಕೊಳ್ಳಿ, ಒಟ್ಟು 600 ವ್ಯಾಟು. ಮೂರು ಗಂಟೆಗೆ 1800 ವ್ಯಾಟ್-ಗಂಟೆ. ಅದನ್ನು 216ರಿಂದ ಭಾಗಿಸಿದರೆ ಎಂಟು ಚಿಲ್ಲರೆ ಆಂಪಿಯರ್-ಗಂಟೆ. ಇಷ್ಟಕ್ಕೇ ನಿಲ್ಲಿಸಿದರೆ ಮೋಸ ಹೋಗುತ್ತೀರಿ. ಬ್ಯಾಟರಿಗೂ ವಯಸ್ಸಾಗುತ್ತದೆ. ಹೊಸದರಲ್ಲಿದ್ದ ಶಕ್ತಿಯ ನೂರಕ್ಕೆ ಎಂಬತ್ತು ಉಳಿದಾಗ ಅದರ ಆಯುಸ್ಸು ಮುಗಿಯಿತೆಂದು ಲೆಕ್ಕ. ಆ ಕೊನೆಯ ದಿನವೂ ಮೂರು ಗಂಟೆ ಉರಿಯಬೇಕಾದರೆ ಶುರುವಿನಲ್ಲೇ ಕಾಲು ಭಾಗ ಹೆಚ್ಚಿಗೆ ಕೊಳ್ಳಬೇಕು. ಹತ್ತೂವರೆಯಾಯಿತು. ಬೇಗ ಖಾಲಿ ಮಾಡಿದರೆ ಬ್ಯಾಟರಿ ಪೂರ್ತಿ ಕೊಡುವುದಿಲ್ಲ, ಹಾಗಾಗಿ ಇನ್ನೂ ಒಂದು ಮೆಟ್ಟಿಲು ಮೇಲಿನದು. ಟೆಂಡರಿನಲ್ಲಿ ದರ ಇಳಿಸಲು ಹೊರಟವರು ಮೊದಲು ಕತ್ತರಿ ಹಾಕುವುದು ಈ ಕಾಲು ಭಾಗಕ್ಕೇ, ಏಕೆಂದರೆ ಅದನ್ನು ಕತ್ತರಿಸಿದ್ದು ಹಲವು ವರ್ಷ ಯಾರಿಗೂ ಕಾಣುವುದಿಲ್ಲ.

ಸೆಕೆ ಇನ್ನೊಬ್ಬ ಶತ್ರು. ಬ್ಯಾಟರಿಯ ಮೇಲೆ ಹತ್ತು ವರ್ಷ ಎಂದು ಬರೆದಿದ್ದರೆ ಅದು 20 ಡಿಗ್ರಿಯ ತಂಪಿನ ಮಾತು. ಹತ್ತು ಡಿಗ್ರಿ ಹೆಚ್ಚಾದರೆ ಸೀಸ-ಆಮ್ಲದ ಬ್ಯಾಟರಿಯ ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಗಾಳಿಯಾಡದ ಕೋಣೆಯೊಳಗಿಟ್ಟ ಬ್ಯಾಟರಿಯಿಂದ ಹತ್ತು ವರ್ಷ ನಿರೀಕ್ಷಿಸುವುದು ದುರಾಸೆ. ಗಾಳಿ ಬೇಕಾದ್ದಕ್ಕೆ ಇನ್ನೊಂದು ಕಾರಣವೂ ಇದೆ. ಚಾರ್ಜಾಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಹೊರಬೀಳಬಹುದು. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಭಾಗವಾದರೆ ಒಂದು ಕಿಡಿಗೆ ಸಿಡಿಯುತ್ತದೆ. ಹೀಗಿದ್ದೂ ನಾನು ಹೊಕ್ಕ ಒಂದು ಬ್ಯಾಟರಿ ಕೋಣೆಯಲ್ಲಿ ಮುರಿದ ಕುರ್ಚಿ, ಫ್ಲೆಕ್ಸು, ಬಣ್ಣದ ಡಬ್ಬಗಳು ಕಿಟಕಿಯವರೆಗೂ ಪೇರಿಸಿದ್ದವು. ಜಾಗ ಖಾಲಿ ಇತ್ತಲ್ಲ ಎಂದರು.

ಇನ್ನು ತಂತಿಗಳು. ಬ್ಯಾಟರಿ ಕೆಳಗಿದೆ, ದೀಪ ಎಂಟನೆಯ ಮಹಡಿಯಲ್ಲಿದೆ. ನಡುವೆ ಬೆಂಕಿ ಬಿದ್ದು ತಂತಿ ಸುಟ್ಟರೆ ಬ್ಯಾಟರಿ ಎಷ್ಟು ತುಂಬಿದ್ದರೇನು? ಅದಕ್ಕೇ ಬೆಂಕಿ ಹರಡದಂತೆ ಬೇರ್ಪಡಿಸಿದ ಒಂದು ವಿಭಾಗವನ್ನು ಹಾದು ಇನ್ನೊಂದಕ್ಕೆ ಹೋಗುವ ತಂತಿ ಬೆಂಕಿಯ ನಡುವೆಯೂ ಕನಿಷ್ಠ ಮೂವತ್ತು ನಿಮಿಷ ಕೆಲಸ ಮಾಡುವಂಥದ್ದಿರಬೇಕು ಎಂದು ಜರ್ಮನಿಯ ನಿಯಮ. ತಂತಿಯನ್ನು ಹಿಡಿದಿರುವ ಕ್ಲಾಂಪು, ಆಣಿಗಳಿಗೂ ಇದೇ ಮಾತು. ಇನ್ನೊಂದು ಉಪಾಯ, ಒಂದೇ ಕಾರಿಡಾರಿನ ದೀಪಗಳನ್ನು ಎರಡು ಸರ್ಕೀಟುಗಳಿಗೆ ಒಂದು ಬಿಟ್ಟು ಒಂದರಂತೆ ಹಂಚುವುದು. ಒಂದು ಸರ್ಕೀಟು ಸತ್ತರೂ ಅರ್ಧ ದೀಪಗಳು ಉಳಿಯುತ್ತವೆ. ಒಂದು ಸರ್ಕೀಟಿಗೆ ಇಪ್ಪತ್ತಕ್ಕಿಂತ ಹೆಚ್ಚು ದೀಪ ಕೂಡದು.

ಇಷ್ಟೆಲ್ಲ ಹೊಗಳಿದ ಮೇಲೆ ಎದುರು ಪಕ್ಷದ ಮಾತನ್ನೂ ಕೇಳಬೇಕು. ಎಲ್ಲವನ್ನೂ ಒಂದೇ ಕಡೆ ಇಟ್ಟರೆ ಆ ಒಂದು ಕಡೆಗೇ ಪೆಟ್ಟು ಬಿದ್ದಾಗ ಏನು ಗತಿ? 1993ರ ಫೆಬ್ರವರಿ 26ರಂದು ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನ ನೆಲಮಾಳಿಗೆಯಲ್ಲಿ ಬಾಂಬು ಸಿಡಿಯಿತು. ಮೇನ್ ಕರೆಂಟು ಹೋಯಿತು. ಜನರೇಟರುಗಳು ಚಾಲೂ ಆದವು, ಆದರೆ ಅವನ್ನು ತಣಿಸುವ ನೀರಿನ ಪೈಪುಗಳೇ ಒಡೆದಿದ್ದರಿಂದ ಕೆಲವೇ ನಿಮಿಷಗಳಲ್ಲಿ ನಿಂತವು. ಸಾವಿರಾರು ಜನ ಹೊಗೆ ತುಂಬಿದ ಕತ್ತಲ ಮೆಟ್ಟಿಲುಗಳಲ್ಲಿ ಕೈಯಿಂದ ತಡವುತ್ತ ಇಳಿದರು. ಕೆಲವರಿಗೆ ಹೊರಬರಲು ನಾಲ್ಕು ಗಂಟೆಗೂ ಹೆಚ್ಚು ಹಿಡಿಯಿತು. ಆಮೇಲೆ ಮೆಟ್ಟಿಲುಗಳಿಗೆ ಬ್ಯಾಟರಿ ದೀಪ ಹಾಕಿಸಿದರು, ಕತ್ತಲಲ್ಲಿ ಹೊಳೆಯುವ ಬಣ್ಣ ಬಳಿಸಿದರು. 2001ರ ಸೆಪ್ಟೆಂಬರ್ 11ರಂದು, ವಿಮಾನ ಬಡಿದ ಮಹಡಿಗಳಿಗಿಂತ ಕೆಳಗಿದ್ದವರು ಬಹುಪಾಲು ಇಳಿದು ಬದುಕಿದ್ದರಲ್ಲಿ ಈ ತಿದ್ದುಪಡಿಗಳ ಪಾಲೂ ಇದೆ.

ಆದ್ದರಿಂದ ಸೆಂಟ್ರಲ್ ಎಂಬ ಮಾತನ್ನು ಅತಿಗೆ ಒಯ್ಯಬಾರದು. ಎತ್ತರದ ಕಟ್ಟಡಗಳಲ್ಲಿ ಒಂದು ದೈತ್ಯ ಬ್ಯಾಟರಿಗೆ ಬದಲು ಕೆಲವು ಮಹಡಿಗಳಿಗೊಂದರಂತೆ ಚಿಕ್ಕ ಬ್ಯಾಟರಿಗಳನ್ನು ಹಂಚುವುದು ನನಗೆ ಸರಿಯೆನಿಸುತ್ತದೆ. ಯುರೋಪಿನ ಮಾನದಂಡದಲ್ಲಿ ಇದಕ್ಕೊಂದು ವರ್ಗವೇ ಇದೆ: ಮೂರು ಗಂಟೆಗೆ 500 ವ್ಯಾಟು ಅಥವಾ ಒಂದು ಗಂಟೆಗೆ 1500 ವ್ಯಾಟು, ಅದಕ್ಕೆ ಮೀರಬಾರದು. ದೀಪಗಳು ಎಲ್‌ಇಡಿ ಆದ ಮೇಲೆ ಐನೂರು ವ್ಯಾಟು ಸಣ್ಣ ಮಾತಲ್ಲ. ಹಾಗಾದರೆ ಪ್ರತಿ ದೀಪಕ್ಕೂ ಒಂದು ಬ್ಯಾಟರಿ ಇಟ್ಟರೆ ಇನ್ನೂ ವಾಸಿಯಲ್ಲವೇ ಎಂದರೆ, ಸಣ್ಣ ಅಂಗಡಿಗೆ ಹೌದು. ಐನೂರು ದೀಪಗಳ ಆಸ್ಪತ್ರೆಯಲ್ಲಿ, ಫಾಲ್ಸ್ ಸೀಲಿಂಗಿನ ಕಾವಿನಲ್ಲಿ ಬೇಯುವ ಐನೂರು ಪುಟ್ಟ ಬ್ಯಾಟರಿಗಳನ್ನು ನಾಲ್ಕೈದು ವರ್ಷಕ್ಕೊಮ್ಮೆ ಏಣಿ ಹಾಕಿ ಬದಲಿಸುವವರು ಯಾರು? ಒಂದು ಕೋಣೆಗಾದರೆ ಒಬ್ಬ ಮನುಷ್ಯ ಹೋಗಿ ನೋಡಬಲ್ಲ.

ಒಂದು ಮಿತಿಯನ್ನು ಮಾತ್ರ ಮುಚ್ಚಿಡಲಾರೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ಸತ್ತರು. ಅಲ್ಲಿ ಹೊಗೆ ಹಬ್ಬಿದ್ದು ವಿದ್ಯುತ್ ತಂತಿಗಳ ಡಕ್ಟಿನ ಮೂಲಕ. ದಟ್ಟ ಹೊಗೆ ಮೊದಲು ಸೂರಿನಡಿ ಸೇರುತ್ತದೆ, ನಮ್ಮ ದೀಪಗಳಿರುವುದೂ ಅಲ್ಲೇ. ದೀಪವನ್ನು ಆದಷ್ಟು ಕೆಳಗೆ, ಆದರೆ ನೆಲದಿಂದ ಎರಡು ಮೀಟರಿಗಿಂತ ಮೇಲೆ ಇಡಿ ಎಂದು ನಮ್ಮ ಕೋಡ್ ಹೇಳುವುದು ಇದಕ್ಕೇ. ಡಕ್ಟಿನ ತೂತುಗಳನ್ನು ಮುಚ್ಚದೆ, ಮೆಟ್ಟಿಲ ಬಾಗಿಲಿಗೆ ಬೀಗ ಹಾಕಿಟ್ಟು, ಯಾವ ಬ್ಯಾಟರಿ ತಂದಿಟ್ಟರೂ ಪ್ರಯೋಜನವಿಲ್ಲ.

ಕೊನೆಯದಾಗಿ ಪರೀಕ್ಷೆಯ ಮಾತು. ವಿಯೆನ್ನಾದಲ್ಲಿ ದೀಪಗಳಿದ್ದವು, ಹಚ್ಚುವವರಿರಲಿಲ್ಲ. ಇಂದಿನ ಪ್ಯಾನಲ್ಲುಗಳು ತಾವೇ ವಾರಕ್ಕೊಮ್ಮೆ ಬ್ಯಾಟರಿಗೆ ಬದಲಾಗಿ ಪ್ರತಿ ದೀಪವನ್ನೂ ಹೆಸರು ಹಿಡಿದು ಕರೆದಂತೆ ವಿಚಾರಿಸಿ, ಯಾವುದು ಉತ್ತರ ಕೊಡಲಿಲ್ಲ ಎಂದು ಬರೆದಿಡುತ್ತವೆ. ಆಗಲೇ ಹೇಳಿದೆನಲ್ಲ, ಆ ಪೇಟೆ ಬಲ್ಬು ಸಿಕ್ಕಿಬೀಳುವುದು ಇಲ್ಲೇ. ಆದರೆ ಕೆಲವು ನಿಮಿಷದ ಈ ಪರೀಕ್ಷೆಯಲ್ಲಿ ಮುದಿ ಬ್ಯಾಟರಿಯೂ ಪಾಸಾಗುತ್ತದೆ. ಅದಕ್ಕೆ ವರ್ಷಕ್ಕೊಮ್ಮೆ ಪೂರ್ತಿ ಅವಧಿ, ಮೂರು ಗಂಟೆಯಾದರೆ ಮೂರೂ ಗಂಟೆ, ದೀಪ ಉರಿಸಿ ನೋಡಲೇಬೇಕು. ಶುರುವಿನಲ್ಲಿ ಎಷ್ಟು ವೋಲ್ಟು, ಕೊನೆಯಲ್ಲಿ ಎಷ್ಟು ಎಂದು ಪುಸ್ತಕದಲ್ಲಿ ಬರೆಯಬೇಕು. 108 ಸೆಲ್ಲಿನ ಬ್ಯಾಟರಿ 194ರ ಹತ್ತಿರಕ್ಕೆ ಇಳಿದರೆ ಖಾಲಿಯಾಯಿತೆಂದೇ ಅರ್ಥ. ಅಷ್ಟಕ್ಕೆ ಎರಡೇ ಗಂಟೆ ಹಿಡಿದಿದ್ದರೆ ಬ್ಯಾಟರಿ ಬದಲಿಸುವ ಕಾಲ ಬಂದಿದೆ.

ಈ ಪರೀಕ್ಷೆ ಮಾಡುವ ದಿನ ಯೋಚಿಸಿ ಆರಿಸಿಕೊಳ್ಳಿ. ಮೂರು ಗಂಟೆ ಉರಿಸಿದ ಮೇಲೆ ಬ್ಯಾಟರಿ ಖಾಲಿ. ಮಾನದಂಡದಂತೆ ಹನ್ನೆರಡು ಗಂಟೆಯಲ್ಲಿ ಅದು ನೂರಕ್ಕೆ ಎಂಬತ್ತರಷ್ಟು ಅವಧಿ ಉರಿಸುವಷ್ಟು ತುಂಬಿಕೊಳ್ಳಬೇಕು. ಅಲ್ಲಿಯವರೆಗೂ ಕಟ್ಟಡಕ್ಕೆ ತುರ್ತು ಬೆಳಕಿಲ್ಲ. ಮದುವೆಯ ಛತ್ರವಾದರೆ ಮುಹೂರ್ತವಿಲ್ಲದ ದಿನ, ಕಚೇರಿಯಾದರೆ ಶನಿವಾರ ಮಧ್ಯಾಹ್ನ ಮಾಡಿ, ಭಾನುವಾರ ಇಡೀ ಚಾರ್ಜಾಗಲು ಬಿಡಬಹುದು. ಆಸ್ಪತ್ರೆ, ಹೋಟೆಲುಗಳಿಗೆ ರಜೆಯೇ ಇಲ್ಲ. ಅಲ್ಲಿ ಬ್ಯಾಟರಿಯನ್ನು ಎರಡು ಪಾಲು ಮಾಡಿಟ್ಟು, ಒಂದರ ಪರೀಕ್ಷೆ ಮುಗಿದು ಅದು ಪೂರ್ತಿ ತುಂಬಿದ ಮೇಲೆ ಇನ್ನೊಂದನ್ನು ಮುಟ್ಟಬೇಕು.